ಪೇಟೆಯ ಬೀದಿ ಯಾರದು?

ಬೆಂಗಳೂರಿನ ಹಳೇ ಪೇಟೆಯ ಹೆಸರುಗಳನ್ನು ಗಮನಿಸಿ: ಅಕ್ಕಿಪೇಟೆ, ಬಳೆಪೇಟೆ, ಗಾಣಿಗರಪೇಟೆ. ಕಸುಬಿನಿಂದ ಬಂದವೇ ಹೆಚ್ಚು. ಹಾಗೆಂದು ಇಲ್ಲಿ ಮತದ ಹೆಸರಿನ ಜಗಳವೇ ಇರಲಿಲ್ಲವೆಂದರೆ ಅದು ಇತಿಹಾಸವಾಗದು. 1928ರಲ್ಲಿ ಸುಲ್ತಾನಪೇಟೆಯ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯವಾಗಿ ಗಲಭೆಯೇ ಆಯಿತು. ಆಗ ಮೈಸೂರಿನ ದಿವಾನರು ಮಿರ್ಜಾ ಇಸ್ಮಾಯಿಲ್. ವಿಚಾರಣಾ ಸಮಿತಿಯ ಅಧ್ಯಕ್ಷರು ಸರ್ ಎಂ. ವಿಶ್ವೇಶ್ವರಯ್ಯ. ಮಕ್ಕಳು ಅಕ್ಷರ ಕಲಿಯುವ ಅಂಗಳದಿಂದಲೇ ಜಗಳ ಎದ್ದದ್ದು ಶಿಕ್ಷಕನಾದ ನನಗೆ ಬಹಳ ನೋವಿನ ಸಂಗತಿ.

ಅಲ್ಲಿಂದ ಅನತಿ ದೂರದ ಕಾಟನ್‌ಪೇಟೆಯಲ್ಲಿ ಹಜರತ್ ತವಕ್ಕಲ್ ಮಸ್ತಾನರ ದರ್ಗಾ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳ ಸಮುದಾಯದವರ ಕರಗ ಧರ್ಮರಾಯನ ಗುಡಿಯಿಂದ ಹೊರಟು ಈ ದರ್ಗಾಕ್ಕೂ ಬರುತ್ತದೆ. 2022ರಲ್ಲಿ ಇದು ನಿಲ್ಲಬೇಕೆಂದು ಕೆಲವರು ಒತ್ತಾಯಿಸಿದರು. ದೇವಸ್ಥಾನದವರು ಒಪ್ಪಲಿಲ್ಲ, ದರ್ಗಾದವರೂ ಬರಬೇಕೆಂದು ಕರೆದರು. ಕರಗ ಎಂದಿನಂತೆ ದರ್ಗಾಕ್ಕೆ ಬಂದು ಹೋಯಿತು.