ಗಾಜು ಕಣ್ಣನ್ನು ಮುಟ್ಟಿದ ಚರಿತ್ರೆ

ವಸ್ತುಗಳ ಚರಿತ್ರೆಯನ್ನು ಬರೆಯುವ ಪದ್ಧತಿ ನಮ್ಮಲ್ಲಿ ಅಷ್ಟಾಗಿ ಬೆಳೆದಿಲ್ಲ. ರಾಜರ ಯುದ್ಧಗಳನ್ನೂ ಕವಿಗಳ ಕಾಲವನ್ನೂ ಕುರಿತು ವಾದಿಸುವುದರಲ್ಲಿ ನಾವು ಸವೆಸಿದ ಲೇಖನಿಗಳು ಎಷ್ಟೋ; ಆದರೆ ಆ ಕವಿಯ ಕಾವ್ಯವನ್ನು ಇಳಿವಯಸ್ಸಿನಲ್ಲಿ ಓದುವುದಕ್ಕೆ ನೆರವಾಗುವ ಕನ್ನಡಕವು ಎಲ್ಲಿಂದ ಬಂದಿತೆಂದು ಕೇಳಿದವರು ವಿರಳ. ಈಗಂತೂ ಕನ್ನಡಕವು ಮೂಗನ್ನು ಬಿಟ್ಟು ಕಣ್ಣಿನ ಮೇಲೆಯೇ ಹೋಗಿ ಕುಳಿತಿದೆ. ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕನ್ನಡಕದಂಗಡಿಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳೂ, ಮದುವೆ ಗೊತ್ತಾದ ಹೆಣ್ಣುಮಕ್ಕಳೂ ಕಾಂಟ್ಯಾಕ್ಟ್ ಲೆನ್ಸ್ ಎಂಬ ಮೆತ್ತನೆಯ ಮಸೂರವನ್ನು, ಅದರಲ್ಲಿಯೂ ಕೆಲವು ಕಾಲ ಧರಿಸಿ ಎಸೆದುಬಿಡತಕ್ಕದ್ದನ್ನು, ಕೊಳ್ಳುತ್ತಿರುವರು. ಮನೆಯ ಹಿರಿಯರಿಗೆ ಇದು ಶೋಕಿಯಂತೆ ತೋರುವುದು. ಕಿರಿಯರಿಗೆ ಬರಿಯ ಸೌಕರ್ಯದಂತೆ ತೋರುವುದು. ಎರಡೂ ಪೂರ್ಣಸತ್ಯವಲ್ಲ. ಈ ವಸ್ತುವು ಯಾವ ಯಾವ ಕಷ್ಟಗಳನ್ನು ಹಾದು ಇಂದಿನ ರೂಪಕ್ಕೆ ಬಂದಿತೆಂಬುದನ್ನು ತಿಳಿದರೆ, ಇದನ್ನು ಹೇಗೆ ಬಳಸಬೇಕೆಂಬುದೂ ಅದರೊಡನೆ ತಿಳಿದುಬರುವುದು. ಆ ಉದ್ದೇಶದಿಂದ ಈ ಲೇಖನ.

ಮೊದಲು ಶಬ್ದಗಳನ್ನು ನೋಡೋಣ. ಲೆನ್ಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಒಂದು ಬಗೆಯ ಬೇಳೆಕಾಳಿನ ಹೆಸರು. ಆ ಕಾಳು ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗಿರುವುದರಿಂದ, ಹಾಗೆಯೇ ಇರುವ ಗಾಜಿನ ಬಿಲ್ಲೆಗೂ ಆ ಹೆಸರೇ ನಿಂತಿತು. ನಮ್ಮವರು ಅದೇ ಕಾಳಿನ ಸಂಸ್ಕೃತನಾಮವಾದ ಮಸೂರವನ್ನು ಎತ್ತಿಕೊಂಡರು. ಇದಕ್ಕಿಂತ ವಿಶೇಷವಾದುದು ಕಾಚ ಎಂಬ ಶಬ್ದ. ಸಂಸ್ಕೃತದಲ್ಲಿ ಕಾಚವೆಂದರೆ ಗಾಜು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಕಾಚವೆಂಬುದು ಒಂದು ನೇತ್ರರೋಗದ ಹೆಸರೂ ಆಗಿದೆ. ತಿಮಿರವು ಬಲಿತು ಒಳಗಿನ ಪಟಲವನ್ನು ಹಿಡಿದಾಗ ಅದಕ್ಕೆ ಕಾಚವೆಂದು ಹೆಸರು. ರೋಗಕ್ಕೂ ಪರಿಹಾರಕ್ಕೂ ಒಂದೇ ಹೆಸರಾದುದು ಕಾಕತಾಳೀಯವಿರಬಹುದು. ಆದರೆ ಗಾಜು ಕಣ್ಣಿಗೆ ಮಿತ್ರನೂ ಆಗಬಲ್ಲುದು, ಶತ್ರುವೂ ಆಗಬಲ್ಲುದು ಎಂಬುದನ್ನು ಮುಂದಿನ ಕಥೆಯೇ ತೋರಿಸುವುದು.

ಇಟಲಿಯಲ್ಲಿ ೧೩ನೆಯ ಶತಮಾನದ ಕೊನೆಗೆ ಕನ್ನಡಕವು ಹುಟ್ಟಿತು. ನಮ್ಮ ನಾಡಿನಲ್ಲಿ ಅದರ ಮೊದಲ ಸುಳಿವು ದೊರೆಯುವುದು ವಿಜಯನಗರದ ಕಾಲದಲ್ಲಿ. ಸೋಮನಾಥಕವಿಯು ರಚಿಸಿದ ವ್ಯಾಸಯೋಗಿಚರಿತವೆಂಬ ಸಂಸ್ಕೃತ ಚಂಪೂಕಾವ್ಯವು ೧೯೨೬ರಲ್ಲಿ ಬಿ. ವೆಂಕೋಬರಾಯರ ಚಾರಿತ್ರಿಕ ಪೀಠಿಕೆಯೊಡನೆ ಬೆಂಗಳೂರಿನಲ್ಲಿ ಪ್ರಕಟವಾಯಿತು. ಶ್ರೀಕೃಷ್ಣದೇವರಾಯನಿಂದ ಪೂಜಿತರಾದ ವ್ಯಾಸರಾಯರು ಕಣ್ಣಿಗೆ ಕನ್ನಡಕವನ್ನಿಟ್ಟು ಗ್ರಂಥಾವಲೋಕನ ಮಾಡುತ್ತಿದ್ದರೆಂದು ಅದರಿಂದ ತಿಳಿಯುವುದು. ಪ್ರಾಚ್ಯವಿದ್ಯಾಪಂಡಿತರಾದ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಸಂಶೋಧಿಸುತ್ತ, ಈ ಉಲ್ಲೇಖವನ್ನು ಸುಮಾರು ೧೫೨೦ರದೆಂದು ಎಣಿಸಿ, ಪೋರ್ತುಗೀಜರ ಮೂಲಕ ಅದು ಬಂದಿರಬೇಕೆಂದು ಊಹಿಸಿದರು. ಅಂತೂ ಅರಮನೆಯ ಕಾಣಿಕೆಗಳಲ್ಲಿ ಸೇರತಕ್ಕಂತಹ ಅಪೂರ್ವವಸ್ತುವಾಗಿದ್ದ ಕನ್ನಡಕವು ಬೀದಿಯ ಅಂಗಡಿಗೆ ಬರುವುದಕ್ಕೆ ಶತಮಾನಗಳೇ ಹಿಡಿದವು.

ಬೆಂಗಳೂರಿನಲ್ಲಿ ಕಣ್ಣಿಗಾಗಿಯೇ ಮೀಸಲಾದ ಚಿಕಿತ್ಸಾಲಯವು ೧೮೯೬ರಲ್ಲಿ ಆರಂಭವಾಯಿತು. ಅದು ೧೯೧೩ರಲ್ಲಿ ಈಗಿನ ಭವ್ಯವಾದ ಕಟ್ಟಡಕ್ಕೆ ಬಂದು, ವೈಸರಾಯಿಯ ಹೆಸರನ್ನು ತಳೆದು ಮಿಂಟೋ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು. ಹಳ್ಳಿಗಳಿಗೆ ಈ ವಿದ್ಯೆಯನ್ನು ಕೊಂಡೊಯ್ದ ಕೀರ್ತಿ ಡಾಕ್ಟರ್ ಎಂ. ಸಿ. ಮೋದಿಯವರದು. ೧೯೧೬ರಲ್ಲಿ ಹುಟ್ಟಿ ೨೦೦೫ರಲ್ಲಿ ಗತಿಸಿದ ಈ ಮಹನೀಯರು ಶಿಬಿರಗಳನ್ನು ಹೂಡಿ, ಒಂದೇ ದಿನದಲ್ಲಿ ೮೩೩ ಮಂದಿಯ ಕಣ್ಣಿನ ಪೊರೆಯನ್ನು ತೆಗೆದರೆಂದು ಪ್ರಸಿದ್ಧರಾಗಿರುವರು. ಕಾರ್ಡ್ ರಸ್ತೆಯ ಪಶ್ಚಿಮಕ್ಕಿರುವ ಅವರ ಧರ್ಮಾಸ್ಪತ್ರೆಯಿಂದಲೇ ಮೋದಿ ಆಸ್ಪತ್ರೆ ರಸ್ತೆಗೆ ಆ ಹೆಸರು ಬಂದಿತು. ಹಿಂದೆ ಪೊರೆಯನ್ನು ತೆಗೆದ ಮೇಲೆ ಕಣ್ಣಿನೊಳಗಿನ ಸಹಜವಾದ ಮಸೂರವೇ ಇಲ್ಲವಾಗುತ್ತಿದ್ದುದರಿಂದ ರೋಗಿಗಳು ಸೀಸೆಯ ತಳದಷ್ಟು ದಪ್ಪನಾದ ಕನ್ನಡಕವನ್ನು ಧರಿಸಬೇಕಾಗಿದ್ದಿತು. ನಮ್ಮ ಅಜ್ಜ ಅಜ್ಜಿಯರ ಮುಖಗಳು ಆ ಕನ್ನಡಕದೊಡನೆಯೇ ನೆನಪಿಗೆ ಬರುವುವಲ್ಲವೆ? ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯನು, ಯುದ್ಧವಿಮಾನಗಳ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿ ಹೊಕ್ಕರೂ ಉರಿಯೂತವನ್ನುಂಟುಮಾಡದೆ ಇದ್ದುದನ್ನು ಕಂಡು, ೧೯೪೯ರಲ್ಲಿ ಅದೇ ಪ್ಲಾಸ್ಟಿಕ್‌ನ ಮಸೂರವನ್ನು ಕಣ್ಣಿನೊಳಗೇ ಇಟ್ಟನು. ಆ ಮಾರ್ಗವು ಕ್ರಮೇಣ ಸಂಸ್ಕಾರಗೊಂಡು ಎಲ್ಲೆಡೆ ಹಬ್ಬಿದ ಮೇಲೆ ದಪ್ಪ ಕನ್ನಡಕವು ಮರೆಯಾಯಿತು.

ಮೂಗಿನ ಮೇಲಿನ ಕನ್ನಡಕಕ್ಕೂ ಒಳಗಿನ ಮಸೂರಕ್ಕೂ ನಡುವಣದು ಕಾಂಟ್ಯಾಕ್ಟ್ ಲೆನ್ಸ್. ದೃಷ್ಟಿದೋಷವನ್ನು ಕಣ್ಣಿನ ಮೇಲ್ಮೈಯಲ್ಲಿಯೇ ತಿದ್ದಬಹುದೆಂಬ ಯೋಚನೆ ೧೬೩೭ರಲ್ಲಿ ಡೆಕಾರ್ಟನಿಗೂ, ೧೮೦೧ರಲ್ಲಿ ಥಾಮಸ್ ಯಂಗನಿಗೂ ಹೊಳೆದಿದ್ದಿತು. ಅದನ್ನು ಕಾರ್ಯಕ್ಕೆ ತಂದವರಲ್ಲಿ ಜ್ಯೂರಿಕ್ ನಗರದ ಅಡಾಲ್ಫ್ ಫಿಕ್ ಮುಖ್ಯನು. ಅವನು ಗಾಜಿನ ಚಿಪ್ಪುಗಳನ್ನು ಮೊದಲು ಮೊಲಗಳ ಕಣ್ಣಿಗೂ, ಬಳಿಕ ತನ್ನ ಕಣ್ಣಿಗೂ, ಆಮೇಲೆ ಕೆಲವು ರೋಗಿಗಳ ಕಣ್ಣಿಗೂ ಇಟ್ಟು, ೧೮೮೮ರಲ್ಲಿ ಅದರ ಫಲವನ್ನು ಪ್ರಕಟಿಸಿದನು. ಅವು ಬಿಳಿಗುಡ್ಡೆಯನ್ನೂ ಮುಚ್ಚುವಷ್ಟು ದೊಡ್ಡವು. ಕೆಲವು ಗಂಟೆಗಳಾಗುವುದರೊಳಗೆ ಕಣ್ಣು ಕೆಂಪೇರಿ, ದೃಷ್ಟಿ ಮಂಜಾಗುತ್ತಿದ್ದಿತು. ೧೯೪೮ರಲ್ಲಿ ಅಮೆರಿಕದ ಕೆವಿನ್ ಟೂಹಿ ಎಂಬಾತನು ಕರಿಗುಡ್ಡೆಯನ್ನು ಮಾತ್ರ ಮುಚ್ಚುವ ಚಿಕ್ಕ ಪ್ಲಾಸ್ಟಿಕ್ ಮಸೂರವನ್ನು ಮಾಡಿದನು. ಭಾರ ಕಡಮೆಯಾಯಿತು, ಗಡಸುತನ ಉಳಿಯಿತು.

ಕಾರಣವೇನು? ಕಣ್ಣಿನ ಮುಂಭಾಗದಲ್ಲಿ ಕಾರ್ನಿಯವೆಂಬ ಸ್ವಚ್ಛವಾದ ಪಟಲವಿದೆ. ನಡುವೆ ಅದರ ದಪ್ಪವು ಸುಮಾರು ಅರ್ಧ ಮಿಲಿಮೀಟರು ಮಾತ್ರ. ಬೆಳಕಿಗೆ ಅಡ್ಡಿಯಾಗಬಾರದೆಂದು ಪ್ರಕೃತಿಯು ಅದರಲ್ಲಿ ರಕ್ತನಾಳವನ್ನೇ ಇಟ್ಟಿಲ್ಲ. ದೇಹದ ಮಿಕ್ಕ ಅಂಗಗಳಿಗೆ ರಕ್ತವು ತಂದುಕೊಡುವ ಆಮ್ಲಜನಕವನ್ನು ಈ ಪಟಲವು ಬಹುಮಟ್ಟಿಗೆ ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯಬೇಕು. ಗಾಳಿಯನ್ನು ಬಿಡದ ಗಾಜನ್ನು ಅದರ ಮೇಲೆ ಹೊದಿಸಿದರೆ ಅದಕ್ಕೆ ಉಸಿರು ಕಟ್ಟುವುದು.

ಈ ತೊಡಕನ್ನು ಬಿಡಿಸುವ ದಾರಿಯನ್ನು ತೋರಿದವನು ಜೆಕೊಸ್ಲೊವಾಕಿಯದ ರಸಾಯನಶಾಸ್ತ್ರಜ್ಞನಾದ ಓಟ್ಟೊ ವಿಖ್ಟರ್ಲೆ. ಅವನೂ ಅವನ ಸಹೋದ್ಯೋಗಿಯಾದ ಲೀಮನೂ ಸೇರಿ, ನೀರನ್ನು ಹೀರಿ ಮೆತ್ತಗಾಗುವ ಒಂದು ಪಾರದರ್ಶಕ ಪ್ಲಾಸ್ಟಿಕ್ಕನ್ನು ಕಂಡುಹಿಡಿದು, ೧೯೬೦ರಲ್ಲಿ ಅದರ ವಿಷಯವನ್ನು ಪ್ರಕಟಿಸಿದರು. ಆದರೆ ಸರ್ಕಾರವು ಮಸೂರದ ಕೆಲಸವನ್ನು ನಿಲ್ಲಿಸಿಬಿಟ್ಟಿತು. ವಿಖ್ಟರ್ಲೆ ಎದೆಗುಂದಲಿಲ್ಲ. ೧೯೬೧ರ ಕ್ರಿಸ್ಮಸ್ ಸಮಯದಲ್ಲಿ, ಮನೆಯ ಮೇಜಿನ ಮೇಲೆ, ಮಕ್ಕಳು ಜೋಡಿಸಿ ಆಡುವ ಲೋಹದ ತುಂಡುಗಳಿಂದ ಒಂದು ಯಂತ್ರವನ್ನು ಕಟ್ಟಿ, ಅದಕ್ಕೆ ಬೈಸಿಕಲ್ಲಿನ ಡೈನಮೊವನ್ನು ಹೂಡಿ, ತಿರುಗುವ ಅಚ್ಚಿನಲ್ಲಿ ದ್ರವವನ್ನು ಹೊಯ್ದು ಮೊದಲ ಮೃದುಮಸೂರಗಳನ್ನು ತೆಗೆದನು. ಹೆಂಡತಿಯೇ ಸಹಾಯಕಳು. ಬಳಿಕ ಆ ವಿದ್ಯೆಯ ಹಕ್ಕನ್ನು ಅವನ ದೇಶವು ಅಮೆರಿಕದವರಿಗೆ ಮಾರಿತು. ೧೯೭೧ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ದೊರೆತು ಮೃದುಮಸೂರವು ಲೋಕವ್ಯಾಪಕವಾಯಿತು. ೧೯೯೯ರಲ್ಲಿ ಬಂದ ಸಿಲಿಕೋನ್ ಹೈಡ್ರೋಜೆಲ್ ಎಂಬ ಬಗೆಯು ಆಮ್ಲಜನಕವನ್ನು ಇನ್ನೂ ಧಾರಾಳವಾಗಿ ಒಳಕ್ಕೆ ಬಿಡುವುದು.

ಗಾಳಿಯ ತೊಂದರೆ ತಗ್ಗಿತು. ಕೊಳೆಯ ತೊಂದರೆ ತಲೆಯೆತ್ತಿತು. ನೀರನ್ನು ಹೀರುವ ವಸ್ತುವು ನೀರಿನೊಡನೆ ಬಂದ ಕಲ್ಮಷವನ್ನೂ ಹಿಡಿದುಕೊಳ್ಳುವುದು. ಕಣ್ಣೀರಿನ ಅಂಟು ಅದರ ಮೇಲೆ ಪದರಗಟ್ಟುವುದು. ಡೆನ್ಮಾರ್ಕಿನ ನೇತ್ರವೈದ್ಯನಾದ ಮೈಕೇಲ್ ಬೇ ಎಂಬವನು, ತೊಳೆದು ತೊಳೆದು ವರ್ಷಗಟ್ಟಲೆ ಬಳಸುವುದಕ್ಕಿಂತ ಅಗ್ಗವಾಗಿ ತಯಾರಿಸಿ ಬೇಗನೆ ಎಸೆಯುವುದು ಮೇಲೆಂದು ನಿಶ್ಚಯಿಸಿ, ೧೯೮೦ರ ದಶಕದ ಮೊದಲಲ್ಲಿ ಅಂತಹ ಮಸೂರವನ್ನು ಮಾಡಿದನು. ಅವನ ವಿಧಾನವನ್ನು ಕೊಂಡ ಅಮೆರಿಕದ ಕಂಪೆನಿಯು ೧೯೮೭ರಲ್ಲಿ ಎಸೆಯತಕ್ಕ ಮಸೂರವನ್ನು ಮಾರುಕಟ್ಟೆಗೆ ತಂದಿತು. ಒಂದೇ ದಿನದ ಮಸೂರವು ೧೯೯೦ರ ದಶಕದ ನಡುವಿನಲ್ಲಿ ಬಂದಿತು. ಎಂದಮೇಲೆ, ಎಸೆಯುವುದೆಂಬುದು ಇಲ್ಲಿ ದುಂದುಗಾರಿಕೆಯಲ್ಲ. ಆ ವಸ್ತುವಿನ ಪ್ರಾಣವೇ ಅದು. ನಾಲ್ಕು ದಿನ ಹೆಚ್ಚಾಗಿ ಬಳಸಿ ಉಳಿತಾಯ ಮಾಡಿದೆನೆಂದು ಹಿಗ್ಗುವವನು, ಒಂದು ಶತಮಾನದ ಪ್ರಯತ್ನದಿಂದ ದೊರೆತ ರಕ್ಷಣೆಯನ್ನು ತನ್ನ ಕೈಯಾರ ತೆಗೆದುಹಾಕಿಕೊಂಡಂತೆ.

ಇದಕ್ಕೆ ಚರಿತ್ರೆಯಲ್ಲಿ ಎರಡು ನಿದರ್ಶನಗಳುಂಟು. ಮೊದಲನೆಯದು ನಿದ್ರೆಯದು. ಎಸೆಯುವ ಮಸೂರಗಳನ್ನು ಮೊದಲು ಹಗಲಿರುಳೂ ಕಣ್ಣಿನಲ್ಲಿಯೇ ಇಡಬಹುದೆಂದು ಮಾರಿದರು. ೧೯೮೯ರಲ್ಲಿ ಅಮೆರಿಕದ ಈಶಾನ್ಯಭಾಗದಲ್ಲಿ ನಡೆದ ಪರಿಶೋಧನೆಯಿಂದ, ಮೃದುಮಸೂರವನ್ನು ಹಗಲಿನಲ್ಲಿ ಮಾತ್ರ ಧರಿಸುವವರಲ್ಲಿ ವರ್ಷಕ್ಕೆ ೧೦,೦೦೦ಕ್ಕೆ ಸುಮಾರು ೪ ಮಂದಿಗೂ, ರಾತ್ರಿಯೂ ಇಟ್ಟುಕೊಳ್ಳುವ ಬಗೆಯವನ್ನು ಧರಿಸುವವರಲ್ಲಿ ಸುಮಾರು ೨೧ ಮಂದಿಗೂ ಕಾರ್ನಿಯದ ಹುಣ್ಣು ಆಗುವುದೆಂದು ತಿಳಿಯಿತು. ಎಡೆಬಿಡದೆ ೩೦ ದಿನ ಧರಿಸಬಹುದೆಂದಿದ್ದ ಮಿತಿಯನ್ನು ಅಲ್ಲಿನ ಸರ್ಕಾರವು ಅದೇ ವರ್ಷ ೭ ದಿನಕ್ಕೆ ಇಳಿಸಿತು. ಎರಡನೆಯದು ನೀರಿನದು. ೧೯೮೫-೮೬ರಲ್ಲಿ ಅದೇ ದೇಶದಲ್ಲಿ ಅಕಾಂತಮೀಬವೆಂಬ ಸೂಕ್ಷ್ಮಜೀವಿಯಿಂದ ಕಣ್ಣು ಕೆಟ್ಟವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ವಿಚಾರಿಸಲಾಗಿ, ಅವರಲ್ಲಿ ಬಹುಮಂದಿ ಉಪ್ಪಿನ ಗುಳಿಗೆಯನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿ, ಮನೆಯಲ್ಲಿಯೇ ಮಾಡಿದ ದ್ರಾವಣದಲ್ಲಿ ಮಸೂರವನ್ನು ನೆನೆಸಿಡುತ್ತಿದ್ದರೆಂದು ತಿಳಿದುಬಂದಿತು.

ಈ ಎರಡನೆಯ ಪಾಠವು ನಮ್ಮ ಊರಿನವರಿಗೆ ವಿಶೇಷವಾಗಿ ಅನ್ವಯಿಸುವುದು. ಬೆಂಗಳೂರಿಗೆ ೧೯ನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, ೧೯೭೪ರಲ್ಲಿ ಕಾವೇರಿಯಿಂದಲೂ ನೀರು ಬಂದಿತು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಮನೆಯಲ್ಲಿ ನೋಡಿದರೂ ಆ ನೀರು ಸಂಪಿನಲ್ಲಿ ನಿಂತು, ಮಹಡಿಯ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ನಲ್ಲಿಗೆ ಇಳಿಯುವುದು. ಎಷ್ಟೋ ಮನೆಗಳಲ್ಲಿ ಕೊಳವೆಬಾವಿಯ ನೀರೂ ಅದರೊಡನೆ ಬೆರೆಯುವುದು. ನೀರಿನಲ್ಲಿಯೂ ಮಣ್ಣಿನಲ್ಲಿಯೂ ಬದುಕುವ ಆ ಸೂಕ್ಷ್ಮಜೀವಿಗೆ ಇಂತಹ ತೊಟ್ಟಿಗಳು ಹೇಳಿಮಾಡಿಸಿದ ವಾಸಸ್ಥಾನ. ಬಾಯಿಗೆ ಶುದ್ಧವಾದ ನೀರು ಲೆನ್ಸಿಗೆ ಶುದ್ಧವಲ್ಲ. ಕಾಯಿಸಿ ಆರಿಸಿದ ನೀರಾಗಲಿ, ಫಿಲ್ಟರಿನ ನೀರಾಗಲಿ, ತೀರ್ಥವೇ ಆಗಲಿ, ಅದನ್ನು ಮುಟ್ಟಕೂಡದು.

ಕಾರ್ನಿಯದ ಬೆಲೆ ಎಷ್ಟೆಂಬುದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಬೇಕಾದುದಿಲ್ಲ. ೧೯೮೨ರಲ್ಲಿ ಡಾಕ್ಟರ್ ಭುಜಂಗಶೆಟ್ಟರು ಸ್ಥಾಪಿಸಿದ ನಾರಾಯಣ ನೇತ್ರಾಲಯವು ರಾಜಾಜಿನಗರದಲ್ಲಿದೆ; ಅಲ್ಲಿನ ನೇತ್ರಭಂಡಾರಕ್ಕೆ ನಟಸಾರ್ವಭೌಮ ರಾಜಕುಮಾರರ ಹೆಸರು. ೨೦೦೬ರ ಏಪ್ರಿಲ್ ೧೨ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ೨೦೨೧ರ ಅಕ್ಟೋಬರ್ ೨೯ರಂದು ಅವರ ಕಿರಿಯ ಮಗನಾದ ಪುನೀತರು ಅಕಾಲದಲ್ಲಿ ಅಗಲಿದಾಗ, ಅವರ ಎರಡು ಕಾರ್ನಿಯಗಳನ್ನು ಪದರಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿಯನ್ನು ಕೊಟ್ಟರು. ಅರ್ಧ ಮಿಲಿಮೀಟರಿನ ಪಟಲದಲ್ಲಿ ಇಬ್ಬರ ಬೆಳಕು ಅಡಗಿದ್ದಿತು! ಅಂತಹ ವಸ್ತುವನ್ನು ಬೇರೊಬ್ಬರ ದಾನದಿಂದ ಪಡೆಯುವ ಸ್ಥಿತಿಗೆ, ಒಂದು ಲೋಟ ನಲ್ಲಿನೀರಿನ ದೆಸೆಯಿಂದ, ಯಾರೂ ಬರಬಾರದು.

ಇನ್ನು ಆರಿಸುವ ಮತ್ತು ಧರಿಸುವ ಕ್ರಮವನ್ನು ಸಂಗ್ರಹವಾಗಿ ಹೇಳುವೆನು. ಕನ್ನಡಕದ ಚೀಟಿಯನ್ನೇ ತೋರಿಸಿ ಮಸೂರವನ್ನು ಕೊಳ್ಳತಕ್ಕದ್ದಲ್ಲ. ಕನ್ನಡಕವು ಕಣ್ಣಿನಿಂದ ಸುಮಾರು ೧೨ ಮಿಲಿಮೀಟರು ದೂರದಲ್ಲಿರುವುದರಿಂದ, ಪವರು ೪ಕ್ಕಿಂತ ಹೆಚ್ಚಾದಾಗ ಎರಡಕ್ಕೂ ಗಣನೀಯವಾದ ವ್ಯತ್ಯಾಸವಾಗುವುದು. ಕಣ್ಣಿನ ಬಾಗು, ಮಸೂರದ ಅಗಲ, ಕಣ್ಣೀರಿನ ಪ್ರಮಾಣ ಇವನ್ನೆಲ್ಲ ಪರೀಕ್ಷಿಸಿದ ಮೇಲೆಯೇ ನಿರ್ಧರಿಸಬೇಕು. ಬಣ್ಣಕ್ಕಾಗಿ ಮಾತ್ರ ಧರಿಸುವ ಪವರಿಲ್ಲದ ಮಸೂರಕ್ಕೂ ಇದೇ ನಿಯಮ. ಮದುವೆಯ ಮನೆಯಲ್ಲಿ ಒಬ್ಬರದನ್ನು ಒಬ್ಬರು ಹಾಕಿಕೊಳ್ಳುವುದಂತೂ ಕೂಡವೇ ಕೂಡದು. ಒಂದು ದಿನದವು, ಹದಿನೈದು ದಿನದವು, ತಿಂಗಳವು ಎಂದು ಮೂರು ಬಗೆಗಳು ಸಾಮಾನ್ಯ. ಅಪರೂಪವಾಗಿ ಧರಿಸುವವರಿಗೂ, ಧೂಳಿನಲ್ಲಿ ತಿರುಗುವವರಿಗೂ, ತೊಳೆಯುವ ಶ್ರದ್ಧೆಯಿಲ್ಲದವರಿಗೂ ಒಂದು ದಿನದ್ದೇ ಕ್ಷೇಮ. ತಿಂಗಳದ್ದೆಂದರೆ ತೆರೆದ ದಿನದಿಂದ ಒಂದು ತಿಂಗಳು. ಮೂವತ್ತು ಸಲ ಧರಿಸುವವರೆಗೆ ಎಂದರ್ಥವಲ್ಲ.

ಧರಿಸುವ ಮುನ್ನ ಸೋಪಿನಿಂದ ಕೈಯನ್ನು ತೊಳೆದು, ಎಳೆ ಬಿಡದ ಬಟ್ಟೆಯಿಂದ ಚೆನ್ನಾಗಿ ಒರಸಿಕೊಳ್ಳಬೇಕು. ಮೆಣಸಿನಕಾಯಿ ಹೆಚ್ಚಿದ ಕೈ ಒಂದು ತೊಳೆತಕ್ಕೆ ಶುದ್ಧವಾಗದೆಂಬುದು ಗೃಹಿಣಿಯರಿಗೆ ತಿಳಿದೇ ಇದೆ. ಬಲಗಣ್ಣಿನದನ್ನೇ ಮೊದಲು ಇಡುವ ಅಭ್ಯಾಸವಿದ್ದರೆ ಅದಲುಬದಲಾಗದು. ಬೆರಳ ತುದಿಯಲ್ಲಿ ಮಸೂರವು ಬಟ್ಟಲಿನಂತೆ ನಿಂತರೆ ಸರಿ. ಅಂಚು ಹೊರಕ್ಕೆ ಬಾಗಿದ್ದರೆ ಅದು ಒಳಹೊರಗಾಗಿದೆಯೆಂದು ತಿಳಿಯಬೇಕು. ಕಾಡಿಗೆಯನ್ನು ಲೆನ್ಸಿಟ್ಟ ಮೇಲೆ ಹಚ್ಚಬೇಕು. ಒರಸುವಾಗ ಲೆನ್ಸನ್ನು ಮೊದಲು ತೆಗೆಯಬೇಕು. ಸ್ನಾನ, ಈಜು, ನಿದ್ರೆ ಈ ಮೂರರ ಮೊದಲು ತೆಗೆಯಲೇಬೇಕು. ಹಗಲಿನ ಅರೆಗಳಿಗೆಯ ಮಂಪರೂ ನಿದ್ರೆಯೇ. ಹಬ್ಬದ ಎಣ್ಣೆಸ್ನಾನ, ಓಕುಳಿ, ಪಟಾಕಿ ಇರುವ ದಿನಗಳಲ್ಲಿ ಕನ್ನಡಕವೇ ಲೇಸು. ಮರಳಿ ಬಳಸುವ ಮಸೂರವನ್ನು ಅದಕ್ಕಾಗಿಯೇ ಮಾಡಿದ ದ್ರಾವಣದಲ್ಲಿ ಉಜ್ಜಿ ತೊಳೆದು, ಪ್ರತಿದಿನವೂ ಹೊಸ ದ್ರಾವಣದಲ್ಲಿ ಇಡಬೇಕು. ಹಳೆಯದಕ್ಕೆ ಹೊಸದನ್ನು ಬೆರಸಬಾರದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಎಂಜಲು ನಿಷಿದ್ಧವೆಂದು ಹೇಳಬೇಕಾದುದಿಲ್ಲ. ಆದರೂ ಕೆಳಗೆ ಬಿದ್ದ ಲೆನ್ಸನ್ನು ನಾಲಗೆಯಿಂದ ಒದ್ದೆಮಾಡಿ ಇಟ್ಟುಕೊಳ್ಳುವವರು ಇರುವರು.

ಕಣ್ಣು ಕೆಂಪಾಗಿ, ನೋವು ಕಂಡು, ಬೆಳಕನ್ನು ಸಹಿಸದೆ ಇದ್ದರೆ ಆ ಕ್ಷಣವೇ ತೆಗೆದುಹಾಕಿ, ಲೆನ್ಸನ್ನೂ ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಅಂದೇ ನೇತ್ರವೈದ್ಯರ ಬಳಿಗೆ ಹೋಗಬೇಕು. ಔಷಧದಂಗಡಿಯಲ್ಲಿ ಕೇಳಿ ತಂದ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಮರೆಯಲ್ಲಿಯೇ ಬೆಳೆಯುವುದು. ಲೆನ್ಸ್ ಧರಿಸುವವರ ಮನೆಯಲ್ಲಿ ಸರಿಯಾದ ಪವರಿನ ಒಂದು ಕನ್ನಡಕವು ಸದಾ ಇರಲೇಬೇಕು. ಅದಿಲ್ಲದವನು ನೋವಿದ್ದರೂ ಲೆನ್ಸನ್ನು ಬಿಡಲಾರನು.

ಯಾವುದನ್ನೂ ಹಾಳುಮಾಡಬಾರದೆಂಬುದು ನಮ್ಮ ಮನೆಗಳ ಹಳೆಯ ನೀತಿ. ಹರಿದ ಸೀರೆ ಕೌದಿಯಾಗುವುದು, ಒಡೆದ ಕೊಡ ಹೂವಿನ ಕುಂಡವಾಗುವುದು. ಆ ನೀತಿಯು ಒಳ್ಳೆಯದೇ. ಆದರೆ ಊಟಮಾಡಿದ ಬಾಳೆಯೆಲೆಯನ್ನು ತೊಳೆದು ಮರುದಿನಕ್ಕೆ ಎತ್ತಿಡುವವರು ನಮ್ಮಲ್ಲಿ ಯಾರೂ ಇಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಅಂದೇ ಬಿಡಬೇಕು ಎಂಬ ವಿವೇಕವೂ ಆ ಮನೆಗಳದೇ ಸಂಪತ್ತು. ಒಂದು ದಿನದ ಮಸೂರವನ್ನು ಬಾಳೆಯೆಲೆಯ ಸಾಲಿಗೆ ಸೇರಿಸಿದರೆ ಸಾಕು, ಕಣ್ಣು ಉಳಿಯುವುದು.