ಚೌಕದೊಳಗಿನ ಅಕ್ಷರ: ಯೂನಿಕೋಡ್ ಅಲಂಕಾರದ ಚರಿತ್ರೆಯಲ್ಲಿ ಕನ್ನಡ

ತುಮಕೂರು ಜಿಲ್ಲೆಯ ಪಾವಗಡದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಒಂದೊಂದಕ್ಕೂ ಕಪ್ಪು ಚೌಕ ಹಾಕಿದ ಯೂನಿಕೋಡ್ ರೂಪದಲ್ಲಿ ಫೇಸ್‌ಬುಕ್‌ಗೆ ಅಂಟಿಸಿದರೆ ಹಲವು ಫೋನುಗಳಲ್ಲಿ ಅದು ಮೂರು ಬಣ್ಣದಲ್ಲಿ ಮೂಡುತ್ತದೆ. ಮೊದಲ 'ಪಿ' ನೀಲಿ, ನಾಲ್ಕು 'ಎ'ಗಳು ಕೆಂಪು, 'ವಿ', 'ಜಿ', 'ಡಿ' ಕಪ್ಪು. ಶಿರಾ, ಮಧುಗಿರಿಗಳಲ್ಲಿ ಒಂದೊಂದು 'ಎ' ಮಾತ್ರ ಕೆಂಪಾಗುತ್ತದೆ. ಕೊರಟಗೆರೆಯಲ್ಲಿ ಎರಡು 'ಎ' ಜೊತೆಗೆ 'ಓ' ಕೂಡ ಕೆಂಪು.

ಈ ಬಣ್ಣಗಳ ಮೂಲ ಜಪಾನಿನಲ್ಲಿದೆ. ಅಲ್ಲಿನ ಮೊಬೈಲ್ ಕಂಪನಿಗಳ ಎಮೋಜಿಗಳಲ್ಲಿ ರಕ್ತದ ಗುಂಪು ಸೂಚಿಸಲು 'ಎ', 'ಬಿ', 'ಓ' ಗುಂಡಿಗಳಿದ್ದವು. ವಾಹನ ನಿಲುಗಡೆಗೆ 'ಪಿ' ಇತ್ತು. ಜಪಾನಿನ ಡಿಜಿಟಲ್ ಟಿವಿ ಪ್ರಸಾರದ ಸಂಕೇತಗಳಲ್ಲೂ ಕೆಲವು ಚೌಕಾಕ್ಷರಗಳಿದ್ದವು. ಪ್ರಸಾರದ ಸಂಕೇತಗಳು 2009ರಲ್ಲಿ ಯೂನಿಕೋಡ್ 5.2ಕ್ಕೆ ಬಂದವು, 2010ರ 6.0 ಆವೃತ್ತಿ ಎಮೋಜಿಗಳನ್ನು ಸೇರಿಸಿಕೊಂಡು, ಉಳಿದ ಚೌಕಾಕ್ಷರಗಳನ್ನೂ ತುಂಬಿ 26ರ ಸಾಲನ್ನು ಪೂರ್ಣಗೊಳಿಸಿತು. ಸಣ್ಣಕ್ಷರಗಳಿಗೆ ಇಂಥ ಚೌಕ ಇಂದಿಗೂ ಇಲ್ಲ. ಸಾಮಾಜಿಕ ಜಾಲತಾಣದ ಸಿಂಗಾರಕ್ಕೆಂದು ಇವು ಹುಟ್ಟಿದವಲ್ಲ. ಟಿವಿಯ ಮತ್ತು ಮೊಬೈಲಿನ ಹಳೆಯ ಸಂಕೇತಗಳು ಕಳೆದುಹೋಗದಂತೆ ಉಳಿಸುವುದು ಉದ್ದೇಶವಾಗಿತ್ತು.

ಕನ್ನಡಕ್ಕೆ ಇಂಥ ಸಾಲು ಸಿಗಲಿಲ್ಲ. ಸಿಗಬೇಕಾಗಿಯೂ ಇರಲಿಲ್ಲ ಎಂಬುದೇ ಈ ಲೇಖನದ ವಾದ.

ಭಾರತದ ಇಸ್ಕಿ ಸಂಕೇತದ 1988ರ ಆವೃತ್ತಿಯನ್ನು ಅನುಸರಿಸಿ, 1991ರ ಯೂನಿಕೋಡ್ 1.0ರಲ್ಲಿ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತು. ಅಲ್ಲಿರುವುದು ಸ್ವರ, ವ್ಯಂಜನ, ಸ್ವರಚಿಹ್ನೆ, ಅಂಕಿಗಳೇ ಹೊರತು ಕಾಗುಣಿತದ ಸಿದ್ಧರೂಪಗಳಲ್ಲ. 'ಮಧುಗಿರಿ' ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು ಸಂಕೇತ: ಮ, ಧ, ಉಕಾರ, ಗ, ಇಕಾರ, ರ, ಮತ್ತೊಂದು ಇಕಾರ. ಐದು ಅಕ್ಷರದ 'ಕೊರಟಗೆರೆ' ಎಂಟು ಸಂಕೇತಗಳಲ್ಲಿ ಕೂತಿರುತ್ತದೆ. ಚೌಕದ ಕನ್ನಡ ಬೇಕೆಂದರೆ ಒಂದೊಂದು ಕಾಗುಣಿತಕ್ಕೂ, ಒತ್ತಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡಬೇಕಾಗುತ್ತದೆ. ಹಿಂದಿನ ಅಕ್ಷರವನ್ನು ಚೌಕದಿಂದ ಸುತ್ತುವ ಚಿಹ್ನೆಯೊಂದು ಯೂನಿಕೋಡ್‌ನಲ್ಲಿದೆ, ದಶಮಾನದಲ್ಲಿ ಅದರ ಸಂಖ್ಯೆ 8414. ಫಾಂಟ್ ಅದನ್ನು ನಿಭಾಯಿಸದಿದ್ದರೆ 'ಧು' ಒಂದು ಕಡೆ, ಚೌಕ ಇನ್ನೊಂದು ಕಡೆ.

ಗೆರೆಗಳಿಂದ ಚೌಕಟ್ಟು ಕಟ್ಟುವ ದಾರಿ ಇನ್ನೂ ಹಳೆಯದು. 1981ರ ಐಬಿಎಂ ಪಿಸಿಯ ಅಕ್ಷರಪಟ್ಟಿಯಲ್ಲಿದ್ದ ಗೆರೆಗಳೇ ಬೆಳೆದು ಯೂನಿಕೋಡ್‌ನಲ್ಲಿ 128 ಆದವು. ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಪರದೆಗಾಗಿ ಮಾಡಿದವು ಅವು. 'ರ'ಗೂ 'ಣ'ಗೂ ಅಗಲ ಬೇರೆಯಾಗಿರುವ ಕನ್ನಡದ ಸಾಲಿನಲ್ಲಿ ಬಲಗಡೆಯ ಗೆರೆ ಒಳಗೋ ಹೊರಗೋ ಜರುಗುತ್ತದೆ.

ಅಕ್ಷರವನ್ನು ಚೌಕಟ್ಟಿನೊಳಗೆ ಕೂರಿಸುವ ಆಸೆ ಈ ನೆಲಕ್ಕೆ ಹೊಸದೇನಲ್ಲ. ವೀರಗಲ್ಲುಗಳಲ್ಲಿ ಮೇಲೆ ಸೂರ್ಯಚಂದ್ರರು, ಕೆಳಗೆ ಅಂತಸ್ತು ಅಂತಸ್ತಾಗಿ ಕಾಳಗ, ಸ್ವರ್ಗಾರೋಹಣ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಸಾಲುಗಟ್ಟಿದ ಬರಹ. ಬಿ. ಎಲ್. ರೈಸ್ 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೇ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಶಿರಾ, ಪಾವಗಡ, ಆಗ ಮದ್ದಗಿರಿ ಎನಿಸಿದ್ದ ಮಧುಗಿರಿ ಸೀಮೆಗಳ ಬರಹಗಳು ಅಚ್ಚಿನ ಮೊಳೆಗೆ ಬಂದವು. ಕಲ್ಲಿನ ಪಟ್ಟಿಯಾಗಲಿ ಕೆತ್ತನೆಯಾಗಲಿ ಆ ಪಾಠದೊಳಗೆ ಬರಲಿಲ್ಲ. ಪಾಠಕ್ಕೆ ಸಾದಾ ಕನ್ನಡ ಅಕ್ಷರ, ರೂಪ ತೋರಿಸಲು ಬೇರೆ ಚಿತ್ರಫಲಕ. ಆ ವಿಂಗಡಣೆಯಿಂದಲೇ ಪಾವಗಡ ಸೀಮೆಯ ನಿಡುಗಲ್ಲಿನ ಅರಸರ ಶಾಸನವನ್ನು ಇಂದು ಯಾವ ಓದುಗರಾದರೂ ಪುಟ ತೆರೆದು ಓದಿಕೊಳ್ಳಬಹುದು.

ಅಕ್ಷರವನ್ನೂ ರೂಪವನ್ನೂ ಬೆರೆಸಿದರೆ ಏನಾಗುತ್ತದೆಂಬುದನ್ನು ಕನ್ನಡಿಗರು ಅನುಭವಿಸಿ ತಿಳಿದಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ 'ನುಡಿ', 'ಬರಹ' ತಂತ್ರಾಂಶಗಳ ಕಡತಗಳಲ್ಲಿ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರುತ್ತಿತ್ತು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಹುಡುಕಿದರೆ ಏನೂ ಸಿಗದು. ಚೌಕಾಕ್ಷರಗಳದ್ದೂ ಇದೇ ಪಾಡು. ಬಿಳಿ ಚೌಕದ ಸಾಲಿಗೆ ಮೂಲಾಕ್ಷರದ ನಂಟನ್ನು ಯೂನಿಕೋಡ್ ದಾಖಲಿಸಿದೆ, ಕಪ್ಪು ಚೌಕದ ಸಾಲಿಗೆ ಅದೂ ಇಲ್ಲ. ಹಾಗಾಗಿ ಸಿಂಗರಿಸಿದ ಊರಿನ ಹೆಸರು ಹುಡುಕಾಟದಲ್ಲಿ ಊರಿನ ಹೆಸರಾಗಿ ಸಿಗದಿರಬಹುದು. ಕಣ್ಣು ಕಾಣದವರು ನೆಚ್ಚಿದ ಟಾಕ್‌ಬ್ಯಾಕ್‌ನಂಥ ತಂತ್ರಾಂಶ ಇಂಥದ್ದನ್ನು ಒಂದೊಂದೇ ಚಿಹ್ನೆಯಾಗಿ ಓದುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. ಅಲಂಕಾರಕ್ಕಾಗಿ ಒಬ್ಬ ಓದುಗನನ್ನೂ ಹೊರಗಿಡುವುದು ಸಲ್ಲದು.

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಈ ನಾಲ್ಕೂ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಅಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಪೋಸ್ಟರ್ ಮಾಡುವ ಶಿಕ್ಷಕರಿಗೆ ಈಗ 'ಬಲೂ ತಮ್ಮ', 'ಅಕಾಯ ಕನಡಕ'ದಂಥ ಉಚಿತ ಯೂನಿಕೋಡ್ ಫಾಂಟುಗಳಿವೆ. ಚೌಕಟ್ಟು, ಬಣ್ಣ, ನೆರಳು ಏನಿದ್ದರೂ ಚಿತ್ರದಲ್ಲಿ ಬರಲಿ. ಊರು, ದಿನಾಂಕ, ಹೊತ್ತುಗಳನ್ನು ಅದರ ಕೆಳಗೆ ಸಾದಾ ಕನ್ನಡದಲ್ಲಿ ಮತ್ತೊಮ್ಮೆ ಟೈಪ್ ಮಾಡಿ ಹಾಕಿದರೆ ಹುಡುಕುವವರಿಗೂ ಕೇಳಿಸಿಕೊಳ್ಳುವವರಿಗೂ ಅದು ತಲುಪುತ್ತದೆ.