‘ಸರ್ವರ್ ಇಲ್ಲ’ ಅಂದರೆ ಎಲ್ಲಿ ಇಲ್ಲ? ದೋಷ ಹುಡುಕುವ ಕೆಲಸದ ಐದು ದಶಕದ ಕಥೆ

ಇಂಗ್ಲಿಷ್ ಓದಲು ಬಾರದವರಿಗೂ ನಮ್ಮ ಹಳ್ಳಿಗಳಲ್ಲಿ ಈಗ ಚೆನ್ನಾಗಿ ಗೊತ್ತಿರುವ ಪದ ಸರ್ವರ್. ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಬ್ಯಾಂಕು, ಗ್ರಾಮ ಒನ್ ಕೇಂದ್ರ, ಎಲ್ಲಿಗೆ ಹೋದರೂ ಒಂದಲ್ಲ ಒಂದು ದಿನ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿಯೇ ಇರುತ್ತೇವೆ. ಮಳೆ ಬರಲಿಲ್ಲ ಅಂದ ಹಾಗೆ ಅದನ್ನು ಹೇಳುತ್ತಾರೆ, ನಾವೂ ಹಾಗೆಯೇ ಕೇಳಿಕೊಂಡು ಎದ್ದು ಬರುತ್ತೇವೆ. ಯಾರದೂ ತಪ್ಪಲ್ಲ. ಕೂಲಿ ಬಿಟ್ಟು ಬಂದವರ ಒಂದು ದಿನದ ದುಡಿಮೆ ಹೋಯಿತು, ಅಷ್ಟೇ.

ಆದರೆ ಸರ್ವರ್ ಮಳೆಯ ಹಾಗಲ್ಲ. ಅದು ಎಲ್ಲೋ ಒಂದು ಕಟ್ಟಡದಲ್ಲಿ ಕರೆಂಟಿನಿಂದ ಓಡುತ್ತಿರುವ ಕಂಪ್ಯೂಟರ್. ನಮ್ಮೂರ ಅಂಗಡಿಯ ಹೆಬ್ಬೆಟ್ಟಿನ ಯಂತ್ರದಿಂದ ಅಲ್ಲಿಯವರೆಗೆ ಸಿಮ್, ಟವರ್, ಕೇಬಲ್, ನಡುವಿನ ಹತ್ತಾರು ಯಂತ್ರಗಳು ಎಂದು ಉದ್ದದ ಸರಪಳಿ ಇದೆ. ನಲ್ಲಿಯಲ್ಲಿ ನೀರು ಬರದಿದ್ದರೆ ನಮ್ಮ ನೀರುಗಂಟಿ ‘ಹೊಳೆ ಇಲ್ಲ’ ಅನ್ನುವುದಿಲ್ಲ. ಟ್ಯಾಂಕ್ ತುಂಬಿದೆಯಾ, ವಾಲ್ವ್ ತಿರುಗಿಸಿದೆಯಾ, ಮೋಟರ್ ಓಡುತ್ತಿದೆಯಾ, ಪೈಪ್ ಎಲ್ಲಾದರೂ ಒಡೆದಿದೆಯಾ ಎಂದು ಒಂದೊಂದೇ ನೋಡುತ್ತಾ ಹೋಗುತ್ತಾನೆ. ಕಂಪ್ಯೂಟರ್ ಜಾಲ ನೋಡಿಕೊಳ್ಳುವವರ ಕೆಲಸವೂ ಇದೇ. ಈ ವಿದ್ಯೆ ಒಂದೇ ದಿನಕ್ಕೆ ಬಂದಿದ್ದಲ್ಲ. ಪ್ರತಿ ಸಲ ಏನೋ ಕೆಟ್ಟಾಗ ಯಾರೋ ಕೂತು ಹುಡುಕಿ ಕಲಿತದ್ದು. ಆ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲ ದಿನವೇ ಕೆಟ್ಟಿತು

ಇಂಟರ್ನೆಟ್ಟಿನ ತಾಯಿಬೇರು ಅಮೆರಿಕದ ಆರ್ಪಾನೆಟ್ ಎಂಬ ಜಾಲ. 1969ರ ಅಕ್ಟೋಬರ್ 29ರ ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ಅದರ ಮೊದಲ ಸಂದೇಶ ಹೊರಟಿತು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಕೂತಿದ್ದ. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ ಡುವಾಲ್ ಇದ್ದ. ಕಳಿಸಬೇಕಿದ್ದ ಪದ ‘ಲಾಗಿನ್’. ಎಲ್ ಹೋಯಿತು, ಓ ಹೋಯಿತು, ಜಿ ಒತ್ತುತ್ತಿದ್ದಂತೆ ಆ ಕಡೆಯ ಕಂಪ್ಯೂಟರ್ ನಿಂತುಬಿಟ್ಟಿತು.

ಆಗ ಅವರಿಬ್ಬರ ಕಿವಿಯಲ್ಲೂ ಟೆಲಿಫೋನ್ ಇತ್ತು. ಒಂದೊಂದು ಅಕ್ಷರ ಬಂತೋ ಇಲ್ಲವೋ ಎಂದು ಬಾಯಲ್ಲೇ ಕೇಳಿಕೊಳ್ಳುತ್ತಿದ್ದರು. ಹಾಗಾಗಿ ಎಲ್ಲಿಯವರೆಗೆ ಸರಿಯಾಗಿತ್ತು, ಯಾವ ಅಕ್ಷರಕ್ಕೆ ಕೆಟ್ಟಿತು ಎಂದು ತಕ್ಷಣ ಗೊತ್ತಾಯಿತು. ಸ್ಟ್ಯಾನ್‌ಫರ್ಡ್‌ನ ಕಂಪ್ಯೂಟರ್ ಉಳಿದ ಅಕ್ಷರಗಳನ್ನು ತಾನೇ ಊಹಿಸಿ ಒಟ್ಟಿಗೆ ವಾಪಸ್ ಕಳಿಸಲು ಹೋಗಿತ್ತು. ಒಂದೇ ಅಕ್ಷರಕ್ಕೆಂದು ಇಟ್ಟಿದ್ದ ಜಾಗದಲ್ಲಿ ಅಷ್ಟೂ ಹಿಡಿಸಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಸರಿಮಾಡಿದರು.

ಕೆಟ್ಟ ದಾರಿಯ ಸ್ಥಿತಿ ತಿಳಿಯಲು ಬೇರೊಂದು ದಾರಿ ಇರಬೇಕು ಎಂಬ ಪಾಠ ಅವತ್ತೇ ಸಿಕ್ಕಿತು.

ಆಫ್ ಮಾಡಿ ಆನ್ ಮಾಡಿದರೂ ಸರಿಯಾಗದ ದಿನ

ಯಾವುದೇ ಯಂತ್ರ ಕೆಟ್ಟರೂ ನಾವು ಮೊದಲು ಮಾಡುವುದು ಆಫ್ ಮಾಡಿ ಆನ್ ಮಾಡುವುದು. ಎಷ್ಟೋ ಸಲ ಅದು ನಡೆಯುತ್ತದೆ. 1980ರ ಅಕ್ಟೋಬರ್ 27ರಂದು ನಡೆಯಲಿಲ್ಲ.

ಅವತ್ತು ಆರ್ಪಾನೆಟ್ ಸುಮಾರು ನಾಲ್ಕು ಗಂಟೆ ಪೂರ್ತಿ ನಿಂತಿತ್ತು. ಜಾಲದ ಪ್ರತಿ ಕೂಡುಕಟ್ಟೆಯ ಯಂತ್ರವೂ ‘ನನ್ನ ಸುತ್ತಲಿನ ದಾರಿ ಹೀಗಿದೆ’ ಎಂದು ಉಳಿದವಕ್ಕೆ ಸಂದೇಶ ಕಳಿಸುತ್ತಿತ್ತು. ಪ್ರತಿ ಸಂದೇಶಕ್ಕೂ 0ಯಿಂದ 63ರ ಒಳಗೆ ಒಂದು ಕ್ರಮಸಂಖ್ಯೆ. ಮುಗಿದ ಮೇಲೆ ಮತ್ತೆ 0ಯಿಂದ ಶುರು, ಗಡಿಯಾರದಲ್ಲಿ 12 ಆದ ಮೇಲೆ 1 ಬಂದ ಹಾಗೆ. ಒಂದು ಯಂತ್ರದ ಹಾರ್ಡ್‌ವೇರ್ ದೋಷದಿಂದ ಹಾದುಹೋಗುವ ಸಂದೇಶದ ಅಂಕೆಗಳು ಉದುರಿದವು. 44 ಎಂಬ ಸಂಖ್ಯೆಯ ಸಂದೇಶಕ್ಕೆ 40 ಮತ್ತು 8 ಎಂಬ ಎರಡು ನಕಲುಗಳು ಹುಟ್ಟಿದವು. ಯಂತ್ರಗಳ ಲೆಕ್ಕದಲ್ಲಿ 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು, 8ಕ್ಕಿಂತ 40 ಹೊಸದು. ಗಡಿಯಾರದ 4, 8, 12ರಲ್ಲಿ ಯಾವುದು ಮೊದಲು ಎಂದು ಕೇಳಿದ ಹಾಗಾಯಿತು. ಮೂರೂ ಸಂದೇಶಗಳು ಕೊನೆಯಿಲ್ಲದೆ ಸುತ್ತುತ್ತಾ ಹೋದವು, ಬೇರೆ ಯಾವ ಕೆಲಸಕ್ಕೂ ಜಾಗ ಉಳಿಯಲಿಲ್ಲ.

ಒಂದು ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದರೆ ಪಕ್ಕದ ಯಂತ್ರ ಅದೇ ಮೂರು ಸಂದೇಶ ಮತ್ತೆ ಕೊಡುತ್ತಿತ್ತು. ಕೊನೆಗೆ ಆ ಸಂದೇಶಗಳೆಲ್ಲಾ 50ನೇ ಸಂಖ್ಯೆಯ ಯಂತ್ರದ ಹೆಸರಿನಲ್ಲಿವೆ ಎಂದು ಕಂಡುಹಿಡಿದು, ‘50 ಹೇಳುವುದನ್ನು ಕಿವಿಗೆ ಹಾಕಿಕೊಳ್ಳಬೇಡಿ’ ಎಂಬ ಸಣ್ಣ ತಿದ್ದುಪಡಿಯನ್ನು ಎಲ್ಲಾ ಯಂತ್ರಗಳಿಗೂ ಹಾಕಿದರು. ಎರಿಕ್ ರೋಸೆನ್ ಎಂಬ ಎಂಜಿನಿಯರ್ ಇಡೀ ಘಟನೆಯನ್ನು ಬರೆದು 1981ರಲ್ಲಿ ಎಲ್ಲರೂ ಓದುವಂತೆ ಪ್ರಕಟಿಸಿದರು. ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಬಹಿರಂಗವಾಗಿ ಬರೆಯುವ ಪದ್ಧತಿ ಇವತ್ತಿಗೂ ಒಳ್ಳೆಯ ಕಂಪನಿಗಳಲ್ಲಿದೆ. ನಮ್ಮ ಕಚೇರಿಗಳಲ್ಲಿ ಅದು ಕಾಣುವುದು ಅಪರೂಪ.

ಕೂಗಿ ನೋಡುವ ಉಪಾಯ

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದ ಮೈಕ್ ಮೂಸ್ ಒಂದು ಜಾಲದ ತೊಂದರೆ ಹುಡುಕುತ್ತಿದ್ದರು. ಒಂದೇ ರಾತ್ರಿಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದರು. ಅದರ ಹೆಸರು ‘ಪಿಂಗ್’. ಜಲಾಂತರ್ಗಾಮಿ ಹಡಗುಗಳು ನೀರಿನಲ್ಲಿ ಶಬ್ದ ಬಿಟ್ಟು ಪ್ರತಿಧ್ವನಿ ಕೇಳುವಾಗ ಬರುವ ಸದ್ದಿನಿಂದ ಈ ಹೆಸರು. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನಲ್ಲಿರುವವರನ್ನು ‘ಓ’ ಎಂದು ಕೂಗಿದ ಹಾಗೆ. ‘ಓ’ ಎಂಬ ಉತ್ತರ ಬಂದರೆ ಅಲ್ಲಿ ಜನ ಇದ್ದಾರೆ. ತಡವಾಗಿ ಬಂದರೆ ದೂರ ಇದ್ದಾರೆ, ಇಲ್ಲವೇ ನಡುವೆ ಏನೋ ಅಡ್ಡ ಇದೆ. ವಿಚಿತ್ರ ಎಂದರೆ ಪ್ರೋಗ್ರಾಂ ಸಿದ್ಧವಾಗುವಷ್ಟರಲ್ಲಿ ಮೂಲ ತೊಂದರೆ ಯಾರಿಂದಲೋ ಸರಿಯಾಗಿತ್ತು. ಪಿಂಗ್ ಮಾತ್ರ ಉಳಿಯಿತು, ಇವತ್ತು ಹೆಚ್ಚುಕಡಿಮೆ ಎಲ್ಲಾ ಕಂಪ್ಯೂಟರಿನಲ್ಲೂ ಇದೆ.

ಪಿಂಗ್ ಎಲ್ಲವನ್ನೂ ಹೇಳುವುದಿಲ್ಲ. ಉತ್ತರ ಬಂದರೆ ದಾರಿ ಸರಿಯಿದೆ ಎಂದಷ್ಟೇ ಅರ್ಥ. ದಾರಿ ಸರಿಯಿದ್ದು ಅಂಗಡಿ ಬಾಗಿಲು ಹಾಕಿರಬಹುದು. ಕೆಲವು ಸರ್ವರ್‌ಗಳು ಭದ್ರತೆಗಾಗಿ ಬೇಕೆಂದೇ ಉತ್ತರ ಕೊಡುವುದಿಲ್ಲ.

ಜಾತ್ರೆಯ ರಸ್ತೆ

1986ರ ಅಕ್ಟೋಬರಿನಲ್ಲಿ ಮತ್ತೊಂದು ಸಂಕಟ. ಬರ್ಕ್ಲಿಯ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಆ ದಾರಿಯಲ್ಲಿ 40 ಬಿಟ್ ಮಾತ್ರ ಸಾಗತೊಡಗಿತು. ಯಾವ ತಂತಿಯೂ ತುಂಡಾಗಿರಲಿಲ್ಲ, ಯಾವ ಯಂತ್ರವೂ ಕೆಟ್ಟಿರಲಿಲ್ಲ.

ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಕಾರಣ ಹುಡುಕಿದರು. ಕಳಿಸಿದ ಮಾಹಿತಿ ತಲುಪದಿದ್ದರೆ ಪ್ರತಿ ಕಂಪ್ಯೂಟರೂ ಅದನ್ನು ಮತ್ತೆ ಕಳಿಸುತ್ತಿತ್ತು. ದಾರಿ ತುಂಬಿದಷ್ಟೂ ಮಾಹಿತಿ ಕಳೆಯುತ್ತಿತ್ತು, ಕಳೆದಷ್ಟೂ ಮತ್ತೆ ಕಳಿಸುತ್ತಿದ್ದವು. ತೇರಿನ ದಿನ ರಸ್ತೆ ಜಾಮ್ ಆದಾಗ ಹಿಂದಿನವರೆಲ್ಲಾ ಇನ್ನಷ್ಟು ನುಗ್ಗಿದರೆ ಏನಾಗುತ್ತದೋ ಅದೇ ಆಗಿತ್ತು. ‘ನಿಧಾನವಾಗಿ ಶುರುಮಾಡು, ಕಳೆದುಹೋದರೆ ಹಿಂದೆ ಸರಿ’ ಎಂಬ ನಿಯಮವನ್ನು ಅವರು ಕಂಪ್ಯೂಟರುಗಳಿಗೆ ಕಲಿಸಿದರು. 1988ರಲ್ಲಿ ಮೈಕ್ ಕ್ಯಾರೆಲ್ಸ್ ಜೊತೆ ಪ್ರಕಟಿಸಿದ ಈ ವಿಧಾನದ ಮೇಲೆಯೇ ಇಂಟರ್ನೆಟ್ ಇವತ್ತಿಗೂ ನಿಂತಿದೆ. ಮಾಹಿತಿ ದಾರಿಯ ಯಾವ ಕಟ್ಟೆಯವರೆಗೆ ತಲುಪುತ್ತದೆ ಎಂದು ಒಂದೊಂದಾಗಿ ತೋರಿಸುವ ‘ಟ್ರೇಸ್‌ರೂಟ್’ ಕೂಡ ಇವರದೇ ಕೊಡುಗೆ.

ನೂಕುನುಗ್ಗಲನ್ನು ಬೇಕೆಂದೇ ತರಿಸಲೂಬಹುದು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕೈಕೊಟ್ಟಾಗ, ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ದಾಳಿ ಮಾಡಲಾಗಿದೆ ಎಂದು ಸರ್ಕಾರ ಹೇಳಿತ್ತು.

ವಾಟ್ಸ್‌ಆ್ಯಪ್ ನಿಂತ ರಾತ್ರಿ

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟಿದ ಮೇಲೆ ವಾಟ್ಸ್‌ಆ್ಯಪ್ ನಿಂತದ್ದು ಹಲವರಿಗೆ ನೆನಪಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ನಿಂತಿದ್ದವು. ನಮ್ಮಲ್ಲಿ ಎಷ್ಟೋ ಜನ ರೀಚಾರ್ಜ್ ಮುಗಿದಿದೆ ಅಂದುಕೊಂಡರು, ಫೋನ್ ಆಫ್ ಮಾಡಿ ಆನ್ ಮಾಡಿದರು.

ಇದು ಅರ್ಥವಾಗಲು ಡಿಎನ್ಎಸ್ ಎಂದರೇನು ಎಂದು ತಿಳಿಯಬೇಕು. ಕಂಪ್ಯೂಟರುಗಳಿಗೆ ಹೆಸರಿಗಿಂತ ಅಂಕೆಯ ವಿಳಾಸ ಮುಖ್ಯ. ನಾವು ಹೆಸರು ಟೈಪ್ ಮಾಡಿದರೆ ಅಂಕೆ ಹುಡುಕಿ ಕೊಡುವ ವ್ಯವಸ್ಥೆ ಡಿಎನ್ಎಸ್. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಇದನ್ನು ರೂಪಿಸಿದರು. ಅದಕ್ಕೂ ಮೊದಲು ಎಲ್ಲಾ ಕಂಪ್ಯೂಟರುಗಳ ಹೆಸರು ಒಂದೇ ಪಟ್ಟಿಯಲ್ಲಿದ್ದವು.

ಅವತ್ತು ಫೇಸ್‌ಬುಕ್‌ನಲ್ಲಿ ಮಾಮೂಲಿ ನಿರ್ವಹಣೆ ನಡೆಯುತ್ತಿತ್ತು. ಆಗ ಕೊಟ್ಟ ಒಂದು ಆಜ್ಞೆ ಅವರ ಒಳಜಾಲದ ಕೊಂಡಿಗಳನ್ನೆಲ್ಲಾ ಕಡಿದುಹಾಕಿತು. ಅಂಥ ತಪ್ಪನ್ನು ತಡೆಯಬೇಕಿದ್ದ ತಂತ್ರಾಂಶದಲ್ಲೇ ದೋಷವಿತ್ತು. ಒಳಗಿನ ಸಂಪರ್ಕ ಸಿಗದಿದ್ದಾಗ ಅವರ ಡಿಎನ್ಎಸ್ ಸರ್ವರ್‌ಗಳು ‘ನಮ್ಮಲ್ಲಿಗೆ ಬರಬೇಡಿ’ ಎಂದು ತಮ್ಮ ದಾರಿಯನ್ನು ತಾವೇ ಅಳಿಸಿಕೊಂಡವು. ಸರಿಮಾಡಲು ಬೇಕಾದ ಅವರ ಸ್ವಂತ ಉಪಕರಣಗಳೂ ಅದೇ ಜಾಲದ ಮೇಲಿದ್ದವು. ಎಂಜಿನಿಯರುಗಳು ಖುದ್ದಾಗಿ ಕಟ್ಟಡಕ್ಕೆ ಹೋಗಿ ಭದ್ರತೆ ದಾಟಿ ಯಂತ್ರ ಮುಟ್ಟಬೇಕಾಯಿತು. ಸುಮಾರು ಆರು ಗಂಟೆ ಹಿಡಿಯಿತು. 1969ರಲ್ಲಿ ಕೈಯಲ್ಲಿದ್ದ ಎರಡನೇ ದಾರಿ ಇಲ್ಲಿ ಸಾಕಷ್ಟಿರಲಿಲ್ಲ.

ಬುತ್ತಿಗಂಟಿನ ಕಾಲ

ಈಗಿನ ಸರ್ವರ್‌ಗಳಲ್ಲಿ ಹೆಚ್ಚು ಕೇಳಿಬರುವ ಪದ ಕಂಟೈನರ್. ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುತ್ತಿತ್ತು, ಅಲ್ಲಿ ಯಾಕೋ ಓಡುತ್ತಿಲ್ಲ’ ಎಂಬ ಹಳೆಯ ಗೋಳಿಗೆ ಬಂದ ಪರಿಹಾರ ಇದು. ಪ್ರೋಗ್ರಾಂ ಜೊತೆ ಅದಕ್ಕೆ ಬೇಕಾದ ಎಲ್ಲವನ್ನೂ ಬುತ್ತಿ ಕಟ್ಟಿದ ಹಾಗೆ ಕಟ್ಟಿಕೊಡುವುದು. 2013ರಲ್ಲಿ ಡಾಕರ್ ಇದನ್ನು ಮನೆಮಾತಾಗಿಸಿತು. 2014ರಲ್ಲಿ ಗೂಗಲ್ ಹೊರತಂದ ಕುಬರ್ನೆಟೀಸ್ ಸಾವಿರಾರು ಕಂಟೈನರುಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತದೆ.

ಕಂಟೈನರ್ ಸತ್ತರೆ ಕುಬರ್ನೆಟೀಸ್ ತಾನೇ ಎಬ್ಬಿಸುತ್ತದೆ. ಮತ್ತೆ ಸತ್ತರೆ 10 ಸೆಕೆಂಡ್ ಕಾದು ಎಬ್ಬಿಸುತ್ತದೆ, ಆಮೇಲೆ 20, ಆಮೇಲೆ 40, ಹೀಗೆ ಐದು ನಿಮಿಷದವರೆಗೆ. ಜೇಕಬ್‌ಸನ್ ಕಲಿಸಿದ ‘ಹಿಂದೆ ಸರಿ’ ಪಾಠವೇ ಇಲ್ಲೂ ಇದೆ. ಆದರೆ 1980ರ ಪಾಠವನ್ನೂ ಮರೆಯುವಂತಿಲ್ಲ. ಕಾರಣ ಒಳಗೇ ಇದ್ದರೆ ಎಷ್ಟು ಎಬ್ಬಿಸಿದರೂ ಬೀಳುತ್ತದೆ. ಪಾಸ್‌ವರ್ಡ್ ತಪ್ಪಿರಬಹುದು, ಡಿಸ್ಕ್ ತುಂಬಿರಬಹುದು. 137 ಎಂಬ ಸಂಖ್ಯೆ ಬಿಟ್ಟು ಸತ್ತಿದ್ದರೆ ಹೊರಗಿನಿಂದ ಬಲವಂತವಾಗಿ ನಿಲ್ಲಿಸಲಾಗಿದೆ ಎಂದರ್ಥ, ಹೆಚ್ಚಿನ ಸಲ ಮೆಮೊರಿ ಮಿತಿ ಮೀರಿರುತ್ತದೆ. ಅನುಭವಿಗಳು ಮೊದಲು ಸತ್ತ ಕಂಟೈನರಿನ ಲಾಗ್ ಓದುತ್ತಾರೆ. ಸಾಯುವ ಮುಂಚೆ ಅದು ಏನು ಬರೆದಿಟ್ಟಿತ್ತು ಎನ್ನುವುದರಲ್ಲೇ ಉತ್ತರ ಇರುತ್ತದೆ.

ನಮ್ಮ ಕೌಂಟರಿನಲ್ಲಿ ಏನು ಕೇಳಬಹುದು

ಈ ಇತಿಹಾಸದಿಂದ ನಮಗೇನು? 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ನಮ್ಮ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಅದರಿಂದ ಅನುಕೂಲವಾಗಿದೆ, ಆದರೆ ಕಂಪ್ಯೂಟರ್ ನಿಂತರೆ ಪಹಣಿಗೆ ಬೇರೆ ದಾರಿಯೂ ಇಲ್ಲ. ಪಡಿತರದಲ್ಲಿ ಬೇರೆ ದಾರಿ ಇದೆ. 2017ರ ಅಕ್ಟೋಬರ್ 24ರಂದು ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ: ನೆಟ್‌ವರ್ಕ್ ಸಿಗಲಿಲ್ಲ, ಹೆಬ್ಬೆಟ್ಟು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸುವಂತಿಲ್ಲ.

ಹಾಗಾಗಿ ‘ಸರ್ವರ್ ಇಲ್ಲ’ ಅಂದಾಗ ಜಗಳ ಆಡುವುದು ಬೇಡ. ಕೂತವರೂ ಹೆಚ್ಚಿನ ಸಲ ನಮ್ಮಷ್ಟೇ ಅಸಹಾಯಕರು. ನಾಲ್ಕು ಪ್ರಶ್ನೆ ಕೇಳಿ.

ಪಕ್ಕದ ಊರಿನ ಕೇಂದ್ರದಲ್ಲಿ ನಡೆಯುತ್ತಿದೆಯಾ? ನಡೆಯುತ್ತಿದ್ದರೆ ದೋಷ ಸರ್ವರಿನದ್ದಲ್ಲ, ಇಲ್ಲಿಯದೇ.

ಇದೇ ಯಂತ್ರದಲ್ಲಿ ಬೇರೆ ವೆಬ್‌ಸೈಟ್ ತೆರೆಯುತ್ತದೆಯಾ? ತೆರೆಯದಿದ್ದರೆ ಸಿಮ್ಮೋ ಟವರೋ ನೋಡಬೇಕು. ಬೇರೆ ಸಿಮ್ಮಿನ ಹಾಟ್‌ಸ್ಪಾಟ್ ಹಾಕಿ ನೋಡಬಹುದು.

ಪರದೆಯ ಮೇಲೆ ಏನು ಬರೆದು ಬಂತು? ಅದರ ಫೋಟೊ ತೆಗೆದುಕೊಳ್ಳಿ. ಸರಿಮಾಡುವವರಿಗೆ ‘ಸರ್ವರ್ ಇಲ್ಲ’ ಅನ್ನುವ ಮಾತಿಗಿಂತ ಆ ಒಂದು ಸಾಲು ಹೆಚ್ಚು ಹೇಳುತ್ತದೆ.

ಎಷ್ಟು ಗಂಟೆಗೆ ಹೀಗಾಯಿತು, ಎಷ್ಟು ದಿನದಿಂದ ಆಗುತ್ತಿದೆ? ಒಂದು ಪುಸ್ತಕದಲ್ಲಿ ಬರೆದಿಡಿ. ತಿಂಗಳ ಕೊನೆಗೆ ಗ್ರಾಮಸಭೆಗೋ ತಹಶೀಲ್ದಾರರಿಗೋ ಕೊಡಲು ಹಾಳೆ ಸಿದ್ಧವಿರುತ್ತದೆ. ನಮ್ಮಂಥ ವರದಿಗಾರರಿಗೆ ಕೊಟ್ಟರೂ ಸುದ್ದಿಗೆ ಆಧಾರ ಸಿಗುತ್ತದೆ.

ಐದು ದಶಕಗಳಲ್ಲಿ ಜಾಲ ಕೆಟ್ಟಾಗಲೆಲ್ಲಾ ಅದನ್ನು ಸರಿಮಾಡಿದವರು ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವನ್ನು ಕೇಳಲು ಎಂಜಿನಿಯರ್ ಆಗಿರಬೇಕಿಲ್ಲ.